ಅಮ್ಮನ ಪಾಳಿ, ಮಕ್ಕಳ ಪಾಠ: ನಮ್ಮ ಹೋಂಸ್ಕೂಲಿಂಗ್‌ನ ಮೂರು ವರ್ಷ

ನರೇಶನ್ (ಓದಿದ್ದನ್ನ ಮಗು ತನ್ನದೇ ಮಾತಲ್ಲಿ ತಿರುಗಿ ಹೇಳುವುದು) ಯಾಕೆ, ಕಾಪಿವರ್ಕ್ (ಒಳ್ಳೆಯ ಸಾಲುಗಳನ್ನ ನೋಡಿ ಬರೆಯುವುದು) ಯಾಕೆ, ಗಟ್ಟಿಯಾಗಿ ಓದಿ ಹೇಳಿದರೆ ಏನು ಲಾಭ ಅಂತ ಇಲ್ಲಿ ವಿವರಿಸಲ್ಲ. ಹೋಂಸ್ಕೂಲಿಂಗ್, ಅಂದರೆ ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ, ಮಾಡುವವರಿಗೆ ಅದೆಲ್ಲ ಗೊತ್ತಿರುವುದೇ. ನಮ್ಮ ಮನೆಯಲ್ಲಿ ಅದು ಎರಡು ಸಲ ಕೆಟ್ಟು, ಮೂರನೇ ಸಲ ಹೇಗೆ ಕೈಹಿಡಿಯಿತು ಅನ್ನುವುದಷ್ಟೇ ಇಲ್ಲಿರುವುದು.

ಮೊದಲು ಮನೆಯ ಸ್ಥಿತಿ. ಮೂರು ಮಕ್ಕಳು. ದೊಡ್ಡವಳಿಗೆ 11, ನಡುವಿನವನಿಗೆ 8, ಚಿಕ್ಕವಳಿಗೆ 4. ಹೆಂಡತಿ ನರ್ಸ್, ಪಾಳಿ ಕೆಲಸ. ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ನಾನು ಮನೆಯಲ್ಲೇ ಕೂತು ನಾಲ್ಕಾರು ಸಣ್ಣ ಕಂಪನಿಗಳ ಲೆಕ್ಕ ಬರೆಯುತ್ತೇನೆ. ಹಾಗಾಗಿ ಪಾಠ ನನ್ನ ಪಾಲಿಗೆ ಬಂತು. ನಮ್ಮಣ್ಣ ಮೇಷ್ಟ್ರು, ಇಪ್ಪತ್ತು ವರ್ಷದ ಸರ್ವೀಸು. ಮಕ್ಕಳನ್ನ ಶಾಲೆ ಬಿಡಿಸಿದ್ದು ಕೇಳಿ, "ಕಥೆ ಓದಿ ಹೇಳಿದ್ರೆ ಪಾಠ ಆಗುತ್ತೇನೋ? ಆರೇ ತಿಂಗಳು. ಆಮೇಲೆ ನೀನೇ ವಾಪಸ್ ಸೇರಿಸ್ತೀಯ, ಬರೆದಿಟ್ಕೋ" ಅಂದ. ನಾನು ಬರೆದಿಟ್ಟುಕೊಂಡೆ.

ಮೊದಲ ವರ್ಷ ಭಯಕ್ಕೆ ಬಿದ್ದು ದುಡ್ಡು ಸುರಿದೆ. ಎಲ್ಲ ವಿಷಯವೂ ಒಂದೇ ಡಬ್ಬದಲ್ಲಿ ಬರುವ ರೆಡಿ ಪಠ್ಯಕ್ರಮ ತರಿಸಿದೆ, ಇಬ್ಬರಿಗೂ ಬೇರೆ ಬೇರೆ. ನನ್ನ ಹೆಚ್ಚುಕಮ್ಮಿ ಎರಡು ತಿಂಗಳ ಗಳಿಕೆ ಅದಕ್ಕೇ ಹೋಯಿತು. ಮೇಲೆ ಒಂದು ಲ್ಯಾಮಿನೇಟರ್. ಅದು ಯಾಕೆ ಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ. ಗೋಡೆಗೆ ಬಣ್ಣಬಣ್ಣದ ಟೈಮ್‌ಟೇಬಲ್ ಅಂಟಿಸಿದೆ. ದಿನಕ್ಕೆ ಏಳು ವಿಷಯ, ಒಂಬತ್ತಕ್ಕೆ ಶುರು. ವರ್ಷಕ್ಕೆ 40 ಪುಸ್ತಕ ಓದಿ ಹೇಳುವುದು ಅಂತ ಪಟ್ಟಿ ಬೇರೆ.

ನಾಲ್ಕನೇ ವಾರಕ್ಕೆ ಹೆಂಡತಿಗೆ ರಾತ್ರಿ ಪಾಳಿ ಬಂತು. ಬೆಳಗ್ಗೆ ಎಂಟೂವರೆಗೆ ಬಂದು ಮಲಗುತ್ತಾಳೆ. ಒಂಬತ್ತಕ್ಕೆ ಪಕ್ಕದ ರೂಮಿನಲ್ಲಿ ನಮ್ಮ ಶಾಲೆ ಶುರು. ಚಿಕ್ಕವಳು ಆಗ ತೆವಳುತ್ತಿದ್ದ ಕೂಸು, ಅವಳ ಅಳು ಬೇರೆ. ಹೆಂಡತಿಗೆ ನಿದ್ದೆ ಇಲ್ಲ, ನನಗೆ ತಾಳ್ಮೆ ಇಲ್ಲ, ಮಕ್ಕಳಿಗೆ ಅಮ್ಮ ಇಲ್ಲ. ಟೈಮ್‌ಟೇಬಲ್ ಪ್ರಕಾರ ಗುರುವಾರಕ್ಕೇ ನಾವು ಎರಡು ದಿನ ಹಿಂದೆ. ಹಿಂದೆ ಬಿದ್ದೆವು ಅಂತ ನಾನು ಕೂಗಾಡುತ್ತಿದ್ದೆ. ಯಾರಿಗಿಂತ ಹಿಂದೆ, ಅಲ್ವಾ? ಆ ಡಬ್ಬವನ್ನ ಐದು ತಿಂಗಳ ಮೇಲೆ ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರಿದೆ. ಲ್ಯಾಮಿನೇಟರ್ ಯಾರೂ ಕೊಳ್ಳಲಿಲ್ಲ.

ಆಮೇಲೆ ಪೂರ್ತಿ ಆ ಕಡೆಗೆ ವಾಲಿದೆ. ಪಾಠವೇ ಬೇಡ, ಬರೀ ಪುಸ್ತಕ, ಮಿಕ್ಕಿದ್ದನ್ನ ಅವರೇ ಕಲಿಯುತ್ತಾರೆ ಅಂತ. ಗಣಿತವನ್ನೂ ಕಥೆಯಿಂದಲೇ ಕಲಿಸಿಬಿಡೋಣ ಅಂತ ಹೊರಟೆ. ಒಂದು ಎಂಟು ತಿಂಗಳು ನಡೆಯಿತು, ಚೆನ್ನಾಗಿಯೇ ಇತ್ತು ಅನ್ನಿ. ಒಂದು ದಿನ ದೊಡ್ಡವಳು ಎರಟೋಸ್ತನೀಸನ ಕಥೆ ಹೇಳಿದಳು. ಭೂಮಿಯ ಸುತ್ತಳತೆ ಅಳೆದವನು. ಈಜಿಪ್ಟಿನ ಸಯೀನ್ ಊರಿನಲ್ಲಿ ವರ್ಷದ ಅತಿ ಉದ್ದದ ಹಗಲಿನ ದಿನ ನಡುಹಗಲು ಸೂರ್ಯನ ಬೆಳಕು ಬಾವಿಯ ತಳ ಮುಟ್ಟುತ್ತದೆ, ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಮಾತ್ರ ನೆರಳು ಬೀಳುತ್ತದೆ. ಎಲ್ಲ ಅಚ್ಚುಕಟ್ಟಾಗಿ ಹೇಳಿದಳು, ಕೈಯಲ್ಲಿ ಪೆನ್ಸಿಲ್ ನಿಲ್ಲಿಸಿ ನೆರಳು ತೋರಿಸಿ ಹೇಳಿದಳು. ನನಗೆ ಎದೆ ಉಬ್ಬಿತು. ಸುಮ್ನೆ ಕೇಳಿದೆ, "ನೆರಳಿನ ಕೋನ 7.2 ಡಿಗ್ರಿ ಅಂದೆಯಲ್ಲ, ಪೂರ್ತಿ ಸುತ್ತು 360. ಹಾಗಾದ್ರೆ ಅದು ಸುತ್ತಿನ ಎಷ್ಟನೇ ಭಾಗ?" ಮೇಲೆ ನೋಡಿದಳು. ಫ್ಯಾನ್ ನೋಡಿದಳು. "ಐದು?" ಅಂದಳು.

ಐವತ್ತನೇ ಒಂದು ಭಾಗ. ಇಡೀ ಕಥೆಯ ಬೆನ್ನೆಲುಬೇ ಆ ಭಾಗಾಕಾರ, ಅದೇ ಅವಳಿಗೆ ಬರುತ್ತಿರಲಿಲ್ಲ. ಅವತ್ತು ರಾತ್ರಿ ಕೂತು ಪರೀಕ್ಷಿಸಿದೆ. ಗಣಿತದಲ್ಲಿ ಒಂದೂವರೆ ವರ್ಷ ಹಿಂದಿದ್ದಳು. ಅವತ್ತಿನಿಂದ ಗಣಿತಕ್ಕೆ ಕಥೆ ಇಲ್ಲ. ವರ್ಕ್‌ಬುಕ್, ದಿನಕ್ಕೆ 20 ನಿಮಿಷ, ಚೌಕಾಸಿ ಇಲ್ಲ. ಸರಿಹೋಗಲು ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಸಾಹಿತ್ಯ ಒಂದೇ ಸಾಕು ಅನ್ನುವವರು ಯಾರಾದರೂ ಸಿಕ್ಕಿದರೆ ನಾನು ಈ 7.2 ಡಿಗ್ರಿ ಕಥೆ ಹೇಳುತ್ತೇನೆ.

ಇನ್ನೊಂದು ತಲೆನೋವು ನರೇಶನ್. ದೊಡ್ಡವಳು ಹೇಳುತ್ತಿದ್ದಳು. ಮಗ ಬಾಯಿ ಬಿಡುತ್ತಿರಲಿಲ್ಲ. ಓದಿ ಮುಗಿಸಿ "ಈಗ ಹೇಳಪ್ಪ" ಅಂದರೆ "ಗೊತ್ತಿಲ್ಲ". ತುಂಡು ಸಣ್ಣ ಮಾಡಿದೆ, ಎರಡು ಪುಟ ಓದಿ ಕೇಳಿದೆ. ಗೊತ್ತಿಲ್ಲ. ಚಿತ್ರ ಬರಿ ಅಂದೆ, ಗೊಂಬೆ ಇಟ್ಟುಕೊಂಡು ಹೇಳು ಅಂದೆ. ಒಂದು ನರೇಶನ್‌ಗೆ ಒಂದು ಸ್ಟಿಕ್ಕರ್ ಅಂತ ಲಂಚವನ್ನೂ ಕೊಟ್ಟೆ. ಸ್ಟಿಕ್ಕರ್ ತೊಗೊಂಡ, ನರೇಶನ್ ಕೊಡಲಿಲ್ಲ. ಈ ನರೇಶನ್ ಪದ್ಧತಿಯನ್ನ ಬಳಕೆಗೆ ತಂದ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ ಒಂದೇ ಸಲ ಓದಿ, ಮತ್ತೆ ಓದಬೇಡಿ, ಮಗು ಹೇಳಲಿ ಅನ್ನುತ್ತಾರೆ. ಸರಿ. ಆದರೆ ಆಕೆಗೆ ಸ್ವಂತ ಮಕ್ಕಳಿರಲಿಲ್ಲ, ರಾತ್ರಿ ಪಾಳಿಯ ಸಂಸಾರವೂ ಇರಲಿಲ್ಲ. ಹೀಗೆ ಗೊಣಗುತ್ತಾ ಮೂರು ತಿಂಗಳು ಕಳೆದೆ.

ಆಮೇಲೆ ಒಂದು ಮಧ್ಯಾಹ್ನ. ಆಗ ಅಂಟಾರ್ಕ್ಟಿಕಾಗೆ ಹೋದ ಶ್ಯಾಕಲ್ಟನ್ ಕಥೆ ಓದುತ್ತಿದ್ದೆವು. ಹೆಂಡತಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಮೂರು ಗಂಟೆಗೆ ಎದ್ದು, ಕೂದಲು ಕಟ್ಟಿಕೊಳ್ಳುತ್ತಾ, "ಏನೋ ಓದಿದ್ರಿ ಇವತ್ತು?" ಅಂತ ಮಗನನ್ನ ಕೇಳಿದಳು. ಪಾಠ ಒಪ್ಪಿಸು ಅಂತ ಅಲ್ಲ, ಸುಮ್ನೆ ಮಾತಿಗೆ. ಅವನು ಮಂಚದ ಮೇಲೆ ಹತ್ತಿ ಕೂತ. ಶುರು ಮಾಡಿದ. ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದು, ಹತ್ತು ತಿಂಗಳು ಕಾದಿದ್ದು, ಮಂಜುಗಡ್ಡೆ ಹಡಗನ್ನ ಹಿಂಡಿ ಮುರಿದಿದ್ದು, 28 ಜನ ಇಳಿದು ಮಂಜಿನ ಮೇಲೆ ಡೇರೆ ಹಾಕಿದ್ದು. ಹದಿನೈದು ನಿಮಿಷ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ, ಒಳಗೆ ಹೋದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಅಂತ.

ರಾತ್ರಿ ಕೇಳಿದೆ, "ನಂಗೆ ಯಾಕೋ ಹೇಳಲ್ಲ?" "ನೀನೇ ಓದಿದ್ದಲ್ವಾ ಅಪ್ಪ. ನಿಂಗೆ ಗೊತ್ತಿದೆ. ಮತ್ತೆ ಯಾಕೆ ಕೇಳ್ತೀಯ?"

ಅಷ್ಟೇ ಇದ್ದದ್ದು. ಗೊತ್ತಿರುವವನಿಗೆ ಒಪ್ಪಿಸುವುದು ಪರೀಕ್ಷೆ, ಗೊತ್ತಿಲ್ಲದವಳಿಗೆ ಹೇಳುವುದು ಮಾತು. ಯಾವ ಪಾಳಿಯಿಂದ ನಮ್ಮ ಟೈಮ್‌ಟೇಬಲ್ ಹಾಳಾಗಿತ್ತೋ ಅದೇ ಪಾಳಿಗೆ ಈಗ ನರೇಶನ್ ಕಟ್ಟಿಹಾಕಿದೆ. ರಾತ್ರಿ ಪಾಳಿ ವಾರ ಅಮ್ಮ ಎದ್ದ ಮೇಲೆ ಮಂಚದ ಮೇಲೆ. ಬೆಳಗಿನ ಪಾಳಿ ವಾರ ಸಂಜೆ ಬಟ್ಟೆ ಮಡಚುವಾಗ. ಮಧ್ಯಾಹ್ನದ ಪಾಳಿ ಮಾತ್ರ ಕಷ್ಟ, ಅವಳು ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಆ ವಾರ ಫೋನಿನಲ್ಲಿ ವಾಯ್ಸ್ ಮೆಸೇಜ್. ಅವಳು ಬಿಡುವಿನಲ್ಲಿ ಕೇಳಿ, ಉತ್ತರಕ್ಕೆ ಒಂದು ಪ್ರಶ್ನೆ ಕಳಿಸಬೇಕು, ಅದು ಕಡ್ಡಾಯ. ಪ್ರಶ್ನೆ ಬರದಿದ್ದರೆ ಮಾರನೇ ದಿನ ಮೆಸೇಜ್ ಅರ್ಧಕ್ಕೆ ಇಳಿಯುತ್ತದೆ, ನೋಡಿದ್ದೇನೆ. ಈಗ 200ಕ್ಕೂ ಜಾಸ್ತಿ ಮೆಸೇಜ್ ಇದೆ. ಮಕ್ಕಳು ಏನು ಕಲಿತರು ಅಂತ ಯಾರಾದರೂ ದಾಖಲೆ ಕೇಳಿದರೆ ತೋರಿಸಲು ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಬೇರೆ ಇಲ್ಲ.

ಚಿಕ್ಕವಳ ನರೇಶನ್ ಬೇರೆಯೇ ಥರ. ಆ ಹಡಗಿನಲ್ಲಿ ಬಡಗಿಯದೊಂದು ಬೆಕ್ಕಿತ್ತು, ಹೆಸರು ಮಿಸೆಸ್ ಚಿಪ್ಪಿ. ಆಮೇಲೆ ನೋಡಿದರೆ ಅದು ಗಂಡು ಬೆಕ್ಕು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಡಗು ಮುರಿದ ಮೇಲೆ ಶ್ಯಾಕಲ್ಟನ್ ಆ ಬೆಕ್ಕಿಗೆ ಗುಂಡು ಹೊಡೆಸಿದ. ಅದನ್ನ ಹಾರಿಸಿ ಓದಬೇಕಿತ್ತೋ ಏನೋ, ನಾನು ಓದಿಬಿಟ್ಟೆ. ಎರಡು ದಿನ ಮನೆಯಲ್ಲಿ ಸೂತಕದ ಹಾಗಾಯಿತು. ಬಡಗಿಯ ಸಮಾಧಿ ನ್ಯೂಜಿಲೆಂಡಿನಲ್ಲಿದೆ, ಅದರ ಮೇಲೆ 2004ರಲ್ಲಿ ಕಂಚಿನ ಬೆಕ್ಕೊಂದನ್ನ ಕೂರಿಸಿದ್ದಾರೆ. ಅದರ ಫೋಟೋ ಹುಡುಕಿ ತೋರಿಸಿದ ಮೇಲೆ ಸಮಾಧಾನ. ಇವತ್ತಿಗೂ ಯಾವ ಕಥೆ ಓದಿದರೂ ಅವಳ ಮೊದಲ ಪ್ರಶ್ನೆ, "ಇದ್ರಲ್ಲಿ ಬೆಕ್ಕಿದ್ಯಾ?"

ಗೋಡೆಯ ಟೈಮ್‌ಟೇಬಲ್ ಹೋಯಿತು, ಸರದಿ ಉಳಿಯಿತು. ತಿಂಡಿ ಆದ ಮೇಲೆ ಓದು, ಓದಿನ ಮೇಲೆ ಗಣಿತ, ಗಣಿತದ ಮೇಲೆ ಹತ್ತು ನಿಮಿಷ ಕಾಪಿವರ್ಕ್, ಆಮೇಲೆ ಹೊರಗೆ. ಎಂಟಕ್ಕೆ ಶುರುವಾದರೂ ಸರಿ, ಹತ್ತೂವರೆಗೆ ಆದರೂ ಸರಿ. ಓದು ಒಂದು 40 ನಿಮಿಷ, ಹನ್ನೆರಡು ಹದಿನೈದು ಪುಟ. ರಾತ್ರಿ ಪಾಳಿ ವಾರ ಮನೆಯ ಹೊರಗೆ ಮೆಟ್ಟಿಲ ಮೇಲೆ ಓದು, ಒಳಗೆ ಅವಳ ನಿದ್ದೆ. ಮಧ್ಯಾಹ್ನ ಊಟದ ಮೇಲೆ ಎರಡು ಗಂಟೆ ಸದ್ದಿಲ್ಲದ ಹೊತ್ತು, ಪ್ರತಿಯೊಬ್ಬರಿಗೂ ಅವರವರ ಪುಸ್ತಕ, ಅವರವರ ಮೂಲೆ. ಆಗ ನನ್ನ ಲೆಕ್ಕದ ಕೆಲಸ. ಎರಡು ಗಂಟೆ ಅಂದರೆ ನನಗೆ ಸಿಗುವುದು ಒಂದೂಕಾಲು. ಮಿಕ್ಕಿದ್ದು ಅವರು ಮಲಗಿದ ಮೇಲೆ. ಹೋದ ವರ್ಷ ಒಟ್ಟು 170 ದಿನ ಓದಿರಬೇಕು. 40 ಪುಸ್ತಕದ ಪಟ್ಟಿ ಹಾಕಿದ್ದವನು ಮುಗಿಸಿದ್ದು 14.

ಓದನ್ನ ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅಧ್ಯಾಯದ ಕೊನೆಯಲ್ಲಂತೂ ನಿಲ್ಲಿಸಲ್ಲ. ಮಿಕ್ಕಿದ್ದು ಇಲ್ಲಿ ಬರೆಯಲ್ಲ, ಮಗಳು ಇದನ್ನೂ ಓದುತ್ತಾಳೆ.

ದುಡ್ಡಿನ ಮಾತು. ಮೂರನೇ ವರ್ಷ ಪುಸ್ತಕಕ್ಕೆ ಖರ್ಚಾದದ್ದು ಮೊದಲ ವರ್ಷದ ಐದನೇ ಒಂದು ಭಾಗವೂ ಇಲ್ಲ. ಲೈಬ್ರರಿಯೇ ಆಧಾರ. ಒಂದು ದೊಡ್ಡ ಅಟ್ಲಾಸ್ ಕೊಂಡೆ, ಅದು ಪೈಸಾ ವಸೂಲ್. ದುಡ್ಡು ಸೋರಿದ್ದು ಪ್ರಿಂಟರ್ ಇಂಕಿನಲ್ಲಿ, ಲೈಬ್ರರಿ ದಂಡದಲ್ಲಿ. ಆದರೆ ಅಸಲಿ ಖರ್ಚು ಅದಲ್ಲ, ನನ್ನ ಕೆಲಸದ ಗಂಟೆಗಳು. ಮೊದಲ ವರ್ಷ ಎರಡು ಕಂಪನಿ ಕೈಬಿಟ್ಟವು, ಗಳಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಈಗ ಮೊದಲಿದ್ದ ಹತ್ತು ರೂಪಾಯಿಗೆ ಎಂಟು ರೂಪಾಯಿ ಮಟ್ಟಕ್ಕೆ ಬಂದಿದೆ. ಶುರು ಮಾಡುವವರು ಪುಸ್ತಕದ ಬೆಲೆ ಕೂಡಿಸುತ್ತಾ ಕೂರುತ್ತಾರೆ. ಈ ಗಂಟೆಗಳನ್ನ ಮೊದಲು ಲೆಕ್ಕ ಹಾಕಿ.

ನಡುವೆ ಅಡ್ಡದಾರಿಗಳೂ ಆದವು. ಗೋಡೆಯುದ್ದಕ್ಕೂ ಇತಿಹಾಸದ ಕಾಲರೇಖೆ ಅಂಟಿಸಿದೆ, ಚಿಕ್ಕವಳು ಮಧ್ಯಯುಗವನ್ನ ಪೂರ್ತಿ ಹರಿದು ಹಾಕಿದಳು. ಆಡಿಯೋ ಪುಸ್ತಕ ತಂದೆ. ಕೇಳುತ್ತಾರೆ, ಆದರೆ ಅಮ್ಮನಿಗೆ ಹೇಳುವಾಗ ಅರ್ಧಕ್ಕರ್ಧ ಮರೆತಿರುತ್ತಾರೆ. ಪ್ರಯಾಣಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ತುಂಬ ದಿನ ನಡೆದದ್ದು ಎರೆಹುಳು. ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆ ಬರೆದಾಗ ಅವುಗಳ ಮುಂದೆ ಶಿಳ್ಳೆ, ಬಸೂನ್ ವಾದ್ಯ, ಪಿಯಾನೋ ಎಲ್ಲ ನುಡಿಸಿ ನೋಡಿದ್ದ. ಹುಳುಗಳು ಕ್ಯಾರೇ ಅನ್ನಲಿಲ್ಲ. ಕುಂಡವನ್ನ ಪಿಯಾನೋ ಮೇಲೇ ಇಟ್ಟು ಒಂದು ಸ್ವರ ಹೊಡೆದಾಗ ಸರಕ್ಕನೆ ಬಿಲಕ್ಕೆ ಹೋದವು. ಅವಕ್ಕೆ ಕಿವಿ ಇಲ್ಲ, ನಡುಕ ಮಾತ್ರ ತಿಳಿಯುತ್ತದೆ. ಇದನ್ನ ಓದಿದ ಮೇಲೆ ಮಗ ಬಿಡುತ್ತಾನೆಯೇ? ಕುಂಡ ತಂದು ನನ್ನ ಸ್ಪೀಕರ್ ಮೇಲೆ ಇಟ್ಟ. ಕತ್ತಲೆ ಮಾಡಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿದೆವು. ಐದು ಹುಳದಲ್ಲಿ ಮೂರು ಒಳಗೆ ಹೋದವು, ಎರಡು ಅಲ್ಲಾಡಲಿಲ್ಲ. ಆ ಎರಡಕ್ಕೆ ಹಾಡು ಇಷ್ಟ ಅಂತ ಚಿಕ್ಕವಳ ತೀರ್ಪು. ಸ್ಪೀಕರ್ ಒಳಗೆ ಮಣ್ಣು ಹೋಗಿ ಒಂದು ಕಡೆ ಇನ್ನೂ ಗೊರಗೊರ ಅನ್ನುತ್ತದೆ.

ಹೋದ ತಿಂಗಳು ಅಣ್ಣ ಒಂದು ವಾರ ಬಂದಿದ್ದ. ಪರೀಕ್ಷೆ ಮಾಡಲೆಂದೇ ಬಂದದ್ದು ಅಂತ ನನಗೆ ಗೊತ್ತು. ಮೊದಲ ದಿನವೇ ಮಗನಿಗೆ ಮಗ್ಗಿ ಕೇಳಿದ. ಹದಿಮೂರರ ಮಗ್ಗಿಯಲ್ಲಿ ತಡವರಿಸಿದ. ಅಣ್ಣ ನನ್ನ ಕಡೆ ನೋಡಿದ ನೋಟ ಬರೆದು ಹೇಳುವಂಥದ್ದಲ್ಲ. ಮೂರನೇ ದಿನ ಅವನೇ "ಏನೋ ಓದ್ತೀರಂತೆ, ಹೇಳು ನೋಡೋಣ" ಅಂದ. ಮಗನಿಗೆ ಹೊಸ ಕಿವಿ ಸಿಕ್ಕಿತು.

ಚಾಕ್‌ಪೀಸ್ ತಂದ. ಹಡಗು ಹೋದ ಮೇಲೆ ಶ್ಯಾಕಲ್ಟನ್ ನೆರವು ತರಲು ಹೊರಟ ದೋಣಿಯನ್ನ ನಡುಮನೆಯಲ್ಲಿ ಇಪ್ಪತ್ತೆರಡೂವರೆ ಅಡಿ ಅಳೆದು ಬರೆಯಲು ಹೋದ. ಉದ್ದ ಸಾಲದೆ ಮೂತಿ ಅಡುಗೆಮನೆಯೊಳಗೆ ಹೋಯಿತು. "ದೊಡ್ಡಪ್ಪ, ಇಷ್ಟೇ ದೋಣಿ. ಇದ್ರಲ್ಲಿ ಆರು ಜನ. 1,300 ಕಿಲೋಮೀಟರ್ ಸಮುದ್ರ. ಬಡಗಿ ಸಂದಿಗಳನ್ನ ಯಾವುದ್ರಲ್ಲಿ ಮುಚ್ಚಿದ ಗೊತ್ತಾ? ಬಣ್ಣ, ಬತ್ತಿ, ಸೀಲ್ ರಕ್ತ." ಅಣ್ಣ ಚಾಕ್ ಗೆರೆಯ ಒಳಗೆ ಚಕ್ಕಳಮಕ್ಕಳ ಹಾಕಿ ಕೂತ. "ಮಿಕ್ಕ 22 ಜನ?" ಅಂತ ಕೇಳಿದ. "ತಾಳಿ, ಬರ್ತೀನಿ ಅಲ್ಲಿಗೆ" ಅಂದ ಮಗ. ಇಪ್ಪತ್ತೈದು ನಿಮಿಷ ಹೇಳಿದ. ಆ ಹಡಗಿನ 28 ಜನವೂ ಬದುಕಿ ಬಂದರು ಅಂದಾಗ ಅಣ್ಣ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. "ಬೆಕ್ಕು ಬರಲಿಲ್ಲ" ಅಂದಳು ಚಿಕ್ಕವಳು.

ಆಮೇಲೆ ಅಣ್ಣ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವ ದಿನ ಶೆಲ್ಫಿನಿಂದ ಎರಡು ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡ. ಅದರಲ್ಲೊಂದು ಲೈಬ್ರರಿಯದು. ಈ ಗುರುವಾರ ವಾಪಸ್ ಕೊಡಬೇಕು. ಎರಡು ಸಲ ಫೋನ್ ಮಾಡಿದೆ, "ಇನ್ನೂ ಮುಗಿದಿಲ್ಲ ಕಣೋ, ದಂಡ ನಾನೇ ಕಟ್ತೀನಿ" ಅಂದ.