ಡಿವೋರ್ಸ್ ಆದ ಮೇಲೆ ಕೋರ್ಟ್ ಆದೇಶ ಬದಲಿಸಬೇಕೇ? ಬಾಯಿಮಾತು ಸಾಲದು

ಡಿವೋರ್ಸ್ ಆದಾಗ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು, ಈಗ ಶಾಲೆ ಫೀಸು, ವ್ಯಾನು, ಟ್ಯೂಷನ್ನು. ಜೀವನಾಂಶ ಮಾತ್ರ ಅಷ್ಟೇ. ಇಲ್ಲವೇ ಕೊಡುತ್ತಿದ್ದವರ ಕೆಲಸವೇ ಹೋಗಿದೆ. ಆಗ ತುಂಬ ಜನ ಫೋನಿನಲ್ಲಿ ಮಾತಾಡಿ 'ಇನ್ಮೇಲೆ ಇಷ್ಟು' ಅಂತ ಒಪ್ಪಿಕೊಂಡು ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೋರ್ಟು ಬದಲಿಸುವ ತನಕ ಹಳೆಯ ಆದೇಶವೇ ನಡೆಯುತ್ತದೆ, ಕಡಿಮೆ ಕೊಟ್ಟ ಹಣ ತಿಂಗಳು ತಿಂಗಳೂ ಬಾಕಿಯಾಗಿ ಬೆಳೆಯುತ್ತದೆ.

ಮೊದಲು ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಯಾವ ಕಾನೂನಿನಡಿ ಕೊಟ್ಟಿದ್ದಾರೆ ನೋಡಿ, ಇದು ಮುಖ್ಯ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಆಗಿದ್ದರೆ, ಪರಿಸ್ಥಿತಿ ಬದಲಾಗಿದೆ ಎಂದು ಅದೇ ಸೆಕ್ಷನ್ನಿನಡಿ ಅರ್ಜಿ ಹಾಕಬಹುದು. ಸಿಆರ್‌ಪಿಸಿ (ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ನಿನ ಜೀವನಾಂಶವಾದರೆ ದಾರಿ ಬೇರೆ: 2024ರ ಜುಲೈ 1ರಿಂದ ಅದು ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 144ನೇ ಸೆಕ್ಷನ್, ಮೊತ್ತ ಬದಲಿಸಲು 146.

ಆಮೇಲೆ ಪುರಾವೆ. ಹಳೆಯ ಆದೇಶದ ನಂತರ ಏನು ಬದಲಾಯಿತು ಅನ್ನುವುದನ್ನೇ ತೋರಿಸಬೇಕು, ಹಳೆಯ ಜಗಳ ಮತ್ತೆ ಹೇಳಿ ಪ್ರಯೋಜನವಿಲ್ಲ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫೀಸಿನ ರಸೀದಿ, ಆಸ್ಪತ್ರೆ ಬಿಲ್ಲು, ಕೆಲಸ ಹೋಗಿದ್ದರೆ ಕಂಪನಿಯ ಪತ್ರ ಎಲ್ಲ ಜೋಡಿಸಿಡಿ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿದೆ. ಅದರಲ್ಲಿ ಏನನ್ನೂ ಮುಚ್ಚಿಡಬೇಡಿ. ಅರ್ಜಿ ನಡೆಯುತ್ತಿದೆ ಅಂತ ಹಣ ನಿಲ್ಲಿಸಲೂಬೇಡಿ.

ಮಕ್ಕಳ ಕಸ್ಟಡಿ ಆದೇಶ ಶಾಶ್ವತವಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ನಿನಡಿ, ಡಿಕ್ರಿ (ಕೋರ್ಟಿನ ಅಂತಿಮ ತೀರ್ಮಾನ) ಆದ ಮೇಲೂ ಅದನ್ನು ಬದಲಿಸಲು ಕೇಳಬಹುದು. ಅಪ್ಪ ಅಮ್ಮನ ಹಕ್ಕಿಗಿಂತ ಮಗುವಿನ ಒಳಿತೇ ಅಲ್ಲಿ ದೊಡ್ಡದು. ಹಾಗಾಗಿ ಅರ್ಜಿಯಲ್ಲಿ ಎದುರಿನವರನ್ನು ಬೈಯುವುದಕ್ಕಿಂತ, ಮಗು ಯಾರ ಜೊತೆ ಹೇಗೆ ದಿನ ಕಳೆಯುತ್ತದೆ, ಶಾಲೆ ಎಷ್ಟು ದೂರ, ಊರು ಬದಲಾದರೆ ಭೇಟಿ ಹೇಗೆ ಎಂದು ಬರೆಯಿರಿ. ಭೇಟಿಯ ದಿನಗಳನ್ನಷ್ಟೇ ಬದಲಿಸಿದರೆ ಸಾಕು ಅನ್ನುವಂತಿದ್ದರೆ ಅಷ್ಟನ್ನೇ ಕೇಳಿ. ಮಗುವನ್ನು ಕೋರ್ಟಿಗೆ ಎಳೆದಾಡುವುದು ಕಡಿಮೆಯಾಗುತ್ತದೆ, ಅಲ್ವಾ?

ಆಸ್ತಿಯದ್ದು ಹೀಗಲ್ಲ. ಹಂಚಿಕೆ ಒಮ್ಮೆ ತೀರ್ಮಾನವಾದರೆ, ಸೈಟಿನ ಬೆಲೆ ಏರಿತು ಅಂತ ಮತ್ತೆ ತೆರೆಯುವುದಿಲ್ಲ. ಮೇಲ್ಮನವಿ ಒಂದು ದಾರಿ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಅದಕ್ಕೆ 30 ದಿನ ಕೊಡುತ್ತದೆ, ಆದರೆ ಇಬ್ಬರ ಒಪ್ಪಿಗೆಯಿಂದ ಆದ ಡಿಕ್ರಿಗೆ ಆ ಕಾಯ್ದೆಯಡಿ ಮೇಲ್ಮನವಿಯೇ ಇಲ್ಲ. ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಅದು ಬೇರೆ ಮಾತು, ತಡಮಾಡದೆ ವಕೀಲರನ್ನು ಕಾಣಿ.

ಇಬ್ಬರೂ ಒಪ್ಪಿದ್ದೀರಾ? ಒಳ್ಳೆಯದೇ. ಜಂಟಿಯಾಗಿ ಬರೆದು ಸಹಿ ಹಾಕಿ, ಕೋರ್ಟಿಗೆ ಕೊಟ್ಟು ಹೊಸ ಆದೇಶ ಮಾಡಿಸಿಕೊಳ್ಳಿ. ವಕೀಲರ ಫೀಸು ಕೊಡಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100.