ಗೋಕರ್ಣಕ್ಕೆ ಬಸ್ಸಿನಲ್ಲಿ: ಘಟ್ಟ ಮಾತ್ರ ಹಗಲಲ್ಲೇ ಇಳಿಯಿರಿ

ಬೆಂಗಳೂರಿನಿಂದ ಗೋಕರ್ಣಕ್ಕೆ ಹಿಂದೆ ಎರಡು ಸಲ ಹೋಗಿದ್ದೆ. ಎರಡು ಸಲವೂ ರಾತ್ರಿ ಸ್ಲೀಪರ್ ಬಸ್, ಮೇಲಿನ ಬರ್ತ್. ತಿರುವು ಬಂದಾಗಲೆಲ್ಲ ಆ ಕಡೆಯಿಂದ ಈ ಕಡೆಗೆ ಉರುಳಿ, ಬೆಳಗ್ಗೆ ಇಳಿದಾಗ ತಲೆ ಗಿರ್ ಅನ್ನುತ್ತಿತ್ತು. ಅದಕ್ಕಿಂತ ಜಾಸ್ತಿ ಬೇಜಾರೆಂದರೆ, ಅಷ್ಟು ಚೆಂದದ ಕಾಡನ್ನು ಪರದೆ ಎಳೆದುಕೊಂಡು ಕತ್ತಲಲ್ಲೇ ದಾಟಿಬಿಟ್ಟಿದ್ದೆ.

ಈ ಸಲ ಜೊತೆಗೆ ಅಮ್ಮ. ಅವಳಿಗೆ ಘಟ್ಟ ಅಂದರೆ ವಾಂತಿಯ ಭಯ. ಹಾಗಾಗಿ ದಾರಿಯನ್ನು ತುಂಡು ಮಾಡಿಕೊಂಡೆ. ನವೆಂಬರ್‌ನ ಒಂದು ರಾತ್ರಿ ಮೆಜೆಸ್ಟಿಕ್‌ನಲ್ಲಿ ಸಾಗರದ ಕೆಂಪು ಬಸ್ ಹತ್ತಿದೆವು. ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗ ಎಲ್ಲ ನಿದ್ದೆಯಲ್ಲೇ ಕಳೆಯಿತು. ಸಾಗರದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮುಖ ತೊಳೆದು, ಎರಡೇ ಇಡ್ಲಿ ತಿಂದು, ಹೊನ್ನಾವರದ ಬಸ್ಸಿಗೆ ಕಾದೆವು. ಘಟ್ಟ ಇಳಿಯುವ ಮುಂಚೆ ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಷ್ಟು ತುಂಬಿರಲೂಬಾರದು.

ಕಂಡಕ್ಟರ್ ಅಮ್ಮನ ಮುಖ ನೋಡಿದವರೇ, "ಅಮ್ಮಾ, ಹಿಂದೆ ಬೇಡ, ಮುಂದೆ ಬನ್ನಿ. ಹಿಂದೆ ಕೂತರೆ ಹೊಟ್ಟೆ ತೊಳೆಸ್ತದೆ" ಎಂದರು. ಎಡಗಡೆ ಕಿಟಕಿ ಸಿಕ್ಕಿತು. ನೀವೂ ಎಡಗಡೆಯೇ ಕೂತುಕೊಳ್ಳಿ, ಶರಾವತಿ ಕಣಿವೆ ಇರುವುದು ಆ ಕಡೆಗೇ.

ತಾಳಗುಪ್ಪ ಆಯಿತು, ಮಾವಿನಗುಂಡಿಯೂ ಆಯಿತು, ಆಮೇಲೆ ಬರೀ ತಿರುವು. ಡ್ರೈವರ್ ಪ್ರತಿ ತಿರುವಿಗೂ ಹಾರ್ನ್ ಒತ್ತಿ, ಇಡೀ ಮೈಯನ್ನೇ ಸ್ಟೀರಿಂಗ್ ಜೊತೆ ತಿರುಗಿಸುತ್ತಿದ್ದರು. ಕೆಳಗೆ ಕಣಿವೆ ತುಂಬಾ ಮಂಜು. ಬಂಡೆಗಳ ಮೇಲೆ ಇನ್ನೂ ನೀರು ಜಿನುಗುತ್ತಿತ್ತು, ಕಿಟಕಿಯಿಂದ ಒದ್ದೆ ಎಲೆಯ ವಾಸನೆ ಬರುತ್ತಿತ್ತು. ಇದು ಸಿಂಗಳೀಕಗಳ ಕಾಡು. ನಮಗೆ ಒಂದೂ ಕಾಣಲಿಲ್ಲ, ಆದರೂ ಮರದ ತುದಿಗಳನ್ನೇ ನೋಡುತ್ತಾ ಕೂತಿದ್ದೆ. ಅಮ್ಮ ಮೊದಲು ಅರ್ಧ ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮುಷ್ಟಿ ಸಡಿಲವಾಯಿತು. ನಿಂಬೆಹಣ್ಣು ಉರುಳಿ ಸೀಟಿನ ಕೆಳಗೆ ಹೋಯಿತು. ಅವಳಿಗೆ ಗೊತ್ತೇ ಆಗಲಿಲ್ಲ, ಕಣ್ಣು ಕಿಟಕಿಯಾಚೆಗೇ ಇತ್ತು.

ಇಳಿಯುತ್ತಾ ಹೋದಂತೆ ಸೆಕೆ ಶುರು. ಸ್ವೆಟರ್ ಬ್ಯಾಗಿಗೆ ಹೋಯಿತು. ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪೆ ದಾಟಿದ ಮೇಲೆ ಅಡಿಕೆ, ತೆಂಗಿನ ತೋಟಗಳ ನಡುವೆ ಹೊಳೆ ಕಾಣಿಸಿತು. ಜೋಗದಲ್ಲಿ 253 ಮೀಟರ್ ಧುಮುಕುವ ಶರಾವತಿಯೇ ಇದು, ಇಲ್ಲಿ ಎಷ್ಟು ಅಗಲ, ಎಷ್ಟು ಶಾಂತ!

ಹೊನ್ನಾವರದಿಂದ ಕುಮಟಾಕ್ಕೆ ಒಂದು ಬಸ್, ಅಲ್ಲಿಂದ ಗೋಕರ್ಣಕ್ಕೆ ಇನ್ನೊಂದು. ಅಘನಾಶಿನಿ ದಾಟಿ, ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ನೋಡುತ್ತಾ ಹೋಗಬಹುದು. ಒಟ್ಟು ನಾಲ್ಕು ಬಸ್, ನಾಲ್ಕರಲ್ಲೂ ನಮಗಿಬ್ಬರಿಗೂ ಸೊನ್ನೆ ಟಿಕೆಟ್. 2023ರ ಜೂನ್ 11ರಿಂದ ಸರ್ಕಾರಿ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಉಚಿತ ಅಲ್ವಾ? ರಾಜಹಂಸ, ಸ್ಲೀಪರ್‌ಗೆ ಇದು ಇಲ್ಲ. ಆಧಾರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಗೋಕರ್ಣದಲ್ಲಿ ಓಡಾಟ ಇಟ್ಟುಕೊಳ್ಳಲೇ ಇಲ್ಲ. ಮಹಾಬಲೇಶ್ವರನ ದರ್ಶನ ಮುಗಿಸಿ, ಸಂಜೆ ಕುಡ್ಲೆ ಕಡಲ ತೀರದಲ್ಲಿ ಸುಮ್ನೆ ಕೂತೆವು. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟೇ ನೀರಿಗೆ ಹೋದಳು. ಕತ್ತಲಾದರೂ ಏಳಲು ಅವಳಿಗೆ ಮನಸ್ಸಿರಲಿಲ್ಲ.

ವಾಪಸ್ ಹೊರಡುವ ಬೆಳಗ್ಗೆ ರಥಬೀದಿಯಲ್ಲಿ ಹಾಲಕ್ಕಿ ಹೆಂಗಸೊಬ್ಬರ ಹತ್ತಿರ ಮಲ್ಲಿಗೆ ಕೊಂಡಳು. ನಿಂಬೆಹಣ್ಣು ಬೇಕಾ ಎಂದು ಕೇಳಿದೆ. ಬೇಡ ಎಂದಳು.