ಇಬ್ಬರ ನಡುವಿನ ನಂಟನ್ನು ವೆಬ್‌ನಲ್ಲಿ ಹುಡುಕುವ ಬಗೆ

ಇಬ್ಬರ ಹೆಸರನ್ನೂ ಬೇರೆಬೇರೆ ಉದ್ಧರಣ ಚಿಹ್ನೆಗಳೊಳಗಿಟ್ಟು ಒಟ್ಟಿಗೆ ಹುಡುಕಿ. ಚಿಹ್ನೆ ಹಾಕದಿದ್ದರೆ ಹೆಸರಿನ ಒಂದು ತುಂಡು ಸಿಕ್ಕ ಪುಟವೂ ಫಲಿತಾಂಶದಲ್ಲಿ ನುಸುಳುತ್ತದೆ.

ಹೆಚ್ಚು ಕಾಡುವುದು ಒಂದೇ ಹೆಸರಿನವರು. ಬರೀ ‘ರಾಮಾನುಜನ್’ ಎಂದರೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಜೊತೆಗೆ ಕವಿ ಎ.ಕೆ. ರಾಮಾನುಜನ್ ಕೂಡ ಬರುತ್ತಾರೆ. ‘ಗಣಿತ’ದಂಥ ಒಂದು ಗುರುತಿನ ಪದ ಸೇರಿಸಿ, ಬೇಡದ ಪದದ ಮೊದಲಿಗೆ, ಅದಕ್ಕೆ ಅಂಟಿಸಿದಂತೆ, ಮೈನಸ್ ಚಿಹ್ನೆ (-) ಹಾಕಿ. ಗುರುತಿನ ಪದ ಮೂರು ನಾಲ್ಕಾದರೆ ಬೇಕಾದ ಪುಟಗಳೂ ಜಾರಿಹೋಗುತ್ತವೆ. ಇನಿಷಿಯಲ್ ಇರುವ ರೂಪ, ಪೂರ್ಣ ಹೆಸರು, ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎಲ್ಲವನ್ನೂ ಪ್ರತ್ಯೇಕವಾಗಿ ಹುಡುಕಿ.

ನಂಟು ಎಷ್ಟು ಗಟ್ಟಿ ಎಂದು ಅಳೆಯಲು ಒಂದು ಸರಳ ಲೆಕ್ಕವಿದೆ. ಒಬ್ಬರ ಹೆಸರು 800 ಪುಟಗಳಲ್ಲಿ, ಇನ್ನೊಬ್ಬರದು 200ರಲ್ಲಿ, ಎರಡೂ ಒಟ್ಟಿಗೆ 60ರಲ್ಲಿ ಇವೆ ಎನ್ನೋಣ. 60ನ್ನು ಚಿಕ್ಕ ಸಂಖ್ಯೆಯಾದ 200ರಿಂದ ಭಾಗಿಸಿದರೆ 0.3; ಉತ್ತರ 1ಕ್ಕೆ ಹತ್ತಿರವಾದಷ್ಟೂ ನಂಟು ಗಟ್ಟಿ. ಬರೀ 60 ನೋಡಿದರೆ ಹೆಚ್ಚು ಪ್ರಸಿದ್ಧರಾದವರಿಗೆ ಎಲ್ಲರೂ ನಂಟರಂತೆ ಕಾಣುತ್ತಾರೆ, ಅದಕ್ಕೇ ಈ ಭಾಗಾಕಾರ. ಆದರೆ ಒಬ್ಬರ ಹೆಸರು ಎರಡೇ ಪುಟಗಳಲ್ಲಿದ್ದು ಎರಡರಲ್ಲೂ ಮತ್ತೊಬ್ಬರಿದ್ದರೆ ಉತ್ತರ 1 ಬರುತ್ತದೆ, ಅದನ್ನು ನಂಬಬೇಡಿ. ಸರ್ಚ್ ಎಂಜಿನ್ ತೋರಿಸುವ ಒಟ್ಟು ಸಂಖ್ಯೆಯೂ ಅಂದಾಜು ಮಾತ್ರ. ಹಾಗಾಗಿ ಇದನ್ನು ಯಾರನ್ನು ಮೊದಲು ಪರಿಶೀಲಿಸಬೇಕು ಎಂಬ ಸರದಿಗಷ್ಟೇ ಬಳಸಿ.

ಮುಂದೆ ಪುಟ ತೆರೆದು ಓದಲೇಬೇಕು. ಶ್ರೀನಿವಾಸ ರಾಮಾನುಜನ್ ಮತ್ತು ಹಂಗೇರಿಯ ಗಣಿತಜ್ಞ ಪಾಲ್ ಎರ್ಡೋಶ್ ಹೆಸರುಗಳು ಎಷ್ಟೋ ಕಡೆ ಜೊತೆಯಾಗಿವೆ; ಆದರೆ ರಾಮಾನುಜನ್ 1920ರಲ್ಲಿ ತೀರಿಕೊಂಡಾಗ ಎರ್ಡೋಶ್‌ಗೆ ಏಳು ವರ್ಷ. ಜೊತೆಗೆ ಕೆಲಸ ಮಾಡಿರಲು ಸಾಧ್ಯವೇ ಇಲ್ಲ. ಜನನ, ಮರಣ, ಇದ್ದ ಊರುಗಳ ಇಸವಿ ಹೊಂದಿಸಿ ನೋಡಿದರೆ ಇಂಥ ಸುಳ್ಳು ನಂಟುಗಳು ಬೇಗ ಉದುರುತ್ತವೆ. ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಮತ್ತು ರಾಮಾನುಜನ್ ಅವರದ್ದು ಹಾಗಲ್ಲ: ಜಂಟಿ ಲೇಖನಗಳೇ ಇವೆ. ಜಂಟಿ ಲೇಖನ, ಪತ್ರ, ಪುಸ್ತಕದ ಕೃತಜ್ಞತೆಯ ಪುಟ, ಶ್ರದ್ಧಾಂಜಲಿ ಬರಹ ಗಟ್ಟಿ ಸಾಕ್ಷಿಗಳು. ಹೆಸರುಗಳ ಪಟ್ಟಿ ಸಾಕ್ಷಿಯೇ ಅಲ್ಲ.

ನೇರ ನಂಟು ಸಿಗದಿದ್ದರೆ ಇಬ್ಬರ ಸಹಲೇಖಕರನ್ನೂ ಪಟ್ಟಿ ಮಾಡಿ, ಎರಡರಲ್ಲೂ ಇರುವವರನ್ನು ಹುಡುಕಿ. ಇದು ಸಾರ್ವಜನಿಕ ಬದುಕಿನವರಿಗೆ ಸೀಮಿತವಾಗಿರಲಿ. ಖಾಸಗಿ ವ್ಯಕ್ತಿಯ ಬಳಗವನ್ನು ಹೀಗೆ ಜೋಡಿಸಿದರೆ ಅವರಿಗೆ ಅಪಾಯವಾಗಬಹುದು.

ಹತ್ತು ಪುಟಗಳಲ್ಲಿ ಒಂದೇ ವಾಕ್ಯವಿದ್ದರೆ ಅದು ನಕಲು, ಹತ್ತು ಸಾಕ್ಷಿಯಲ್ಲ. ಆ ವಾಕ್ಯವನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಅತಿ ಹಳೆಯ ಪುಟವನ್ನು ಹಿಡಿದು, ಕೊಂಡಿ ಮತ್ತು ನೋಡಿದ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ.